ಮೀಸೆ ಮೀನಿನ ಹವ್ಯಾಸಿಗಳು: ಒಂದು ಜಾಗತಿಕ ಗ್ರಾಹಕ ವರ್ಗದಿಂದ ವರ್ತಕರು ಕಲಿಯಬೇಕಾದ ಪಾಠ

ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರವು ನಮ್ಮ ವರ್ತಕ ಬಾಂಧವರಿಗೆ ಎರಡು ಕಾರಣಗಳಿಂದ ಸುಪರಿಚಿತವಾಗಿದೆ. ಮೊದಲನೆಯದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಎರಡನೆಯದು ರಾಮೇಶ್ವರ ದೇವಾಲಯದ ಬಳಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿರುವ ದೇವರ ಮೀನುಗಳು. ಮಹಶೀರ್ ಜಾತಿಯ ಈ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಭಕ್ತರು ಸೋಪಾನದ ಮೇಲೆ ನಿಂತು ಪುರಿ ಹಾಕುತ್ತಾರೆ, ಮೀನುಗಳು ಗುಂಪಾಗಿ ಬಂದು ತಿನ್ನುತ್ತವೆ.

ಕಳೆದ ವರ್ಷ ಇದೇ ಸೀಮೆಯ ತಂಬಾಕು ಬೆಳೆಗಾರರ ಕುಟುಂಬದ ಯುವಕನೊಬ್ಬನು ನನ್ನ ಕಛೇರಿಗೆ ಬಂದನು. ಅಲಂಕಾರಿಕ ಮೀನು ಸಾಕಣೆಯ ಘಟಕ ಸ್ಥಾಪಿಸಲು ಬ್ಯಾಂಕಿಗೆ ಸಲ್ಲಿಸಬೇಕಾದ ಯೋಜನಾ ವರದಿ ಸಿದ್ಧಪಡಿಸಿಕೊಡಬೇಕೆಂಬುದು ಆತನ ಕೋರಿಕೆ. ತೊಟ್ಟಿ, ಷೆಡ್ಡು, ಕೊಳವೆಬಾವಿ, ಜನರೇಟರ್ ಇವೆಲ್ಲದರ ವೆಚ್ಚವನ್ನು ಆತನು ಅಚ್ಚುಕಟ್ಟಾಗಿ ಬರೆದು ತಂದಿದ್ದನು. ಮಾರುಕಟ್ಟೆ ಎಂಬ ಶೀರ್ಷಿಕೆಯ ಕೆಳಗೆ ಮಾತ್ರ "ಉತ್ತಮವಾಗಿದೆ" ಎಂಬ ಒಂದೇ ಪದವಿತ್ತು. ಯಾವ ಮೀನು, ಕೊಳ್ಳುವವರು ಯಾರು, ನೂರಕ್ಕೆ ಎಷ್ಟು ಸಾಯುತ್ತವೆ ಎಂದು ನಾನು ಕೇಳಿದ ಮೂರು ಪ್ರಶ್ನೆಗಳಿಗೆ ಆತನಲ್ಲಿ ಉತ್ತರವಿರಲಿಲ್ಲ. ಮೀನು ಸಾಕಿದ ಅನುಭವ ನನಗೂ ಇಲ್ಲ. ಲೆಕ್ಕ ನೋಡುವುದಷ್ಟೇ ನನ್ನ ವೃತ್ತಿ. ಆದರೂ ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿಗಳು ಎಲ್ಲ ಬಗೆಯ ವ್ಯಾಪಾರಕ್ಕೂ ಅನ್ವಯಿಸುವಂತಹವು ಎನಿಸಿದ್ದರಿಂದ ಸದಸ್ಯರ ಮುಂದೆ ಇಡುತ್ತಿದ್ದೇನೆ.

1. ಗ್ರಾಹಕರು ಯಾರು?

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರು ಎಲ್ಲೆಡೆ ಇದ್ದಾರೆ. ಅವರಲ್ಲಿ ಒಂದು ವರ್ಗ ಮೀಸೆ ಮೀನುಗಳನ್ನು, ಅಂದರೆ ಕ್ಯಾಟ್‌ಫಿಷ್‌ಗಳನ್ನು ಮಾತ್ರ ಆರಿಸಿಕೊಂಡಿದೆ. ನಮ್ಮ ಕೆರೆಗಳ ಮುರುಗೋಡು, ಚೇಳುಮೀನು, ಬಾಳೆಮೀನು ಇವೆಲ್ಲ ಈ ಗಣಕ್ಕೇ ಸೇರಿದವು. ಜಗತ್ತಿನಲ್ಲಿ ಇಂತಹ 3,000ಕ್ಕೂ ಹೆಚ್ಚು ಜಾತಿಗಳಿವೆ. ಇವುಗಳಿಗೆ ಹುರುಪೆಗಳಿಲ್ಲ, ಬಾಯಿಯ ಸುತ್ತ ಮೀಸೆಗಳಿರುತ್ತವೆ, ಬಹುತೇಕ ಜಾತಿಗಳು ತಳದಲ್ಲಿ ಅಡಗಿದ್ದು ರಾತ್ರಿಯ ವೇಳೆ ಸಂಚರಿಸುತ್ತವೆ. ನೋಡುವವರಿಗೆ ಹಗಲಿನಲ್ಲಿ ಕಾಣಿಸಿಕೊಳ್ಳದ ಪ್ರಾಣಿಗಾಗಿ ಹಣ ವ್ಯಯಿಸುವವರೂ ಇದ್ದಾರೆಯೇ ಎಂದು ವರ್ತಕನಿಗೆ ಆಶ್ಚರ್ಯವಾಗಬಹುದು. ಇದ್ದಾರೆ. ಬ್ರಿಟನ್ನಿನಲ್ಲಿ ಇವುಗಳ ಅಧ್ಯಯನಕ್ಕೆಂದೇ ಹವ್ಯಾಸಿಗಳ ಸಂಘವಿದೆ. ಜರ್ಮನಿ, ಅಮೆರಿಕ, ಜಪಾನ್ ದೇಶಗಳಲ್ಲಿಯೂ ಇಂತಹ ಹವ್ಯಾಸಿಗಳಿದ್ದಾರೆ. ಬೆಂಗಳೂರಿನ ಶಿವಾಜಿನಗರದ ಅಂಗಡಿಗಳಲ್ಲಿಯೂ ಈ ಮೀನುಗಳನ್ನು ಹುಡುಕಿಕೊಂಡು ಬರುವ ಯುವಕರನ್ನು ಕಾಣಬಹುದು.

ಈ ಹವ್ಯಾಸ ಹೊಸದಲ್ಲ. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಯಾನದಲ್ಲಿ ದಕ್ಷಿಣ ಅಮೆರಿಕದಿಂದ ಸಂಗ್ರಹಿಸಿ ತಂದ ಒಂದು ಪುಟ್ಟ ಮೀಸೆ ಮೀನಿಗೆ 1842ರಲ್ಲಿ ವೈಜ್ಞಾನಿಕ ಹೆಸರಿಡಲಾಯಿತು. ಕೋರಿಡೊರಾಸ್ ಎಂಬ ಗುಂಪಿನ ಈ ಮೀನನ್ನು ಪ್ಯಾರಿಸ್ಸಿನ ಕಾರ್ಬೊನಿಯೆ ಎಂಬವರು 1878ರಲ್ಲಿಯೇ ತೊಟ್ಟಿಯಲ್ಲಿ ಮರಿ ಮಾಡಿಸಿದರು. ತೊಟ್ಟಿಯ ನೀರಿಗೆ ತಣ್ಣನೆಯ ಹೊಸ ನೀರನ್ನು ಸೇರಿಸಿದಾಗ ಮಳೆಗಾಲ ಬಂದಿತೆಂಬ ಸೂಚನೆ ದೊರೆತು ಇವು ಮೊಟ್ಟೆಯಿಡುತ್ತವೆ. ಈ ಗುಟ್ಟನ್ನು ಹವ್ಯಾಸಿಗಳು ಸ್ವಂತ ಪ್ರಯೋಗದಿಂದ ಕಂಡುಕೊಂಡು ಪರಸ್ಪರ ತಿಳಿಸಿಕೊಂಡರು. ಈ ಗ್ರಾಹಕ ವರ್ಗದ ಮುಖ್ಯ ಲಕ್ಷಣವೇ ಇದು: ಸರಕಿನ ಬಗ್ಗೆ ಅಂಗಡಿಯವನಿಗಿಂತ ಗ್ರಾಹಕನೇ ಹೆಚ್ಚು ತಿಳಿದಿರುತ್ತಾನೆ. ಇಂತಹ ಗ್ರಾಹಕನಿಗೆ ತಪ್ಪು ಹೆಸರು ಹೇಳಿ ಮಾರಿದ ವರ್ತಕನು ಆತನೊಬ್ಬನನ್ನು ಮಾತ್ರವಲ್ಲದೆ ಆತನ ಬಳಗವನ್ನೂ ಕಳೆದುಕೊಳ್ಳುತ್ತಾನೆ.

2. ಹೆಸರಿಲ್ಲದ ಸರಕಿಗೆ ಸಂಖ್ಯೆ

1980ರ ದಶಕದಲ್ಲಿ ಬ್ರೆಜಿಲ್ ಮುಂತಾದ ದೇಶಗಳಿಂದ ಹೊಸ ಹೊಸ ಮೀಸೆ ಮೀನುಗಳು ಯೂರೋಪಿಗೆ ಬರತೊಡಗಿದವು. ವಿಜ್ಞಾನಿಗಳು ಹೆಸರಿಡುವುದಕ್ಕೆ ಮೊದಲೇ ಅವು ಮಾರಾಟಕ್ಕೆ ಬಂದುಬಿಡುತ್ತಿದ್ದವು. ಒಂದೇ ಮೀನಿಗೆ ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ಬೇರೆ ಬೇರೆ ಮೀನುಗಳಿಗೆ ಒಂದೇ ಹೆಸರು. ಈ ಗೊಂದಲವನ್ನು ಪರಿಹರಿಸಿದ್ದು ಯಾವ ಸರ್ಕಾರವೂ ಅಲ್ಲ. 1988ರಲ್ಲಿ ಡಾಟ್ಸ್ ಎಂಬ ಜರ್ಮನ್ ಮಾಸಪತ್ರಿಕೆಯು ಲೊರಿಕಾರಿಡೆ ಎಂಬ ಕುಟುಂಬದ ಪ್ರತಿಯೊಂದು ಹೊಸ ಮೀನಿನ ಛಾಯಾಚಿತ್ರ ಮತ್ತು ಅದು ದೊರೆತ ಸ್ಥಳವನ್ನು ಪ್ರಕಟಿಸಿ, ಎಲ್ 1, ಎಲ್ 2 ಎಂದು ಕ್ರಮಸಂಖ್ಯೆ ನೀಡಲು ಪ್ರಾರಂಭಿಸಿತು. ಮುಂದೆ ಕೋರಿಡೊರಾಸ್ ಮೀನುಗಳಿಗೆ ಸಿ ಸಂಖ್ಯೆಗಳು ಬಂದವು. ಇಂದು ಸಿಂಗಪುರದ ರಫ್ತುದಾರನೂ ಚೆನ್ನೈನ ಸಗಟು ವ್ಯಾಪಾರಿಯೂ ಎಲ್ 46 ಎಂದರೆ ಒಂದೇ ಮೀನನ್ನು ಅರ್ಥಮಾಡಿಕೊಳ್ಳುತ್ತಾರೆ.

ನಮ್ಮ ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಪ್ರತಿಯೊಂದು ತಂಬಾಕು ಬೇಲಿಗೂ ಸಂಖ್ಯೆ, ತೂಕ, ದರ್ಜೆಯ ಚೀಟಿ ಇರುವುದನ್ನು ಸದಸ್ಯರು ನೋಡಿದ್ದೀರಿ. ಚೀಟಿಯಿಲ್ಲದ ಬೇಲಿಗೆ ಕೂಗುವವರಿಲ್ಲ. ಎಲ್ ಸಂಖ್ಯೆಯೂ ಅಂತಹದೇ ಚೀಟಿ. ವ್ಯತ್ಯಾಸವೇನೆಂದರೆ ಅದನ್ನು ಅಂಟಿಸಿದವರು ಕೊಳ್ಳುವವರ ಕಡೆಯ ಜನ.

ಹೆಸರಿನ ವಿಷಯದಲ್ಲಿ ವಿಜ್ಞಾನವೂ ನಿಧಾನವೇ. ಒಳಗಿನ ಎಲುಬು ಕಾಣುವಷ್ಟು ಪಾರದರ್ಶಕವಾದ, ಥಾಯ್ಲೆಂಡಿನ ಗಾಜು ಮೀಸೆ ಮೀನು ದಶಕಗಳ ಕಾಲ ಬೇರೊಂದು ಜಾತಿಯ ಹೆಸರಿನಲ್ಲಿ ಮಾರಾಟವಾಗುತ್ತಿತ್ತು; ಅದಕ್ಕೆ ತನ್ನದೇ ಆದ ಹೆಸರು ದೊರೆತದ್ದು 2013ರಲ್ಲಿ. 2024ರಲ್ಲಿ ಕೋರಿಡೊರಾಸ್ ಗುಂಪನ್ನೇ ವಿಜ್ಞಾನಿಗಳು ಹಲವು ಕುಲಗಳಾಗಿ ವಿಭಜಿಸಿದ್ದಾರೆ. ಆದ್ದರಿಂದ ದಾಸ್ತಾನು ಪುಸ್ತಕದಲ್ಲಿ ವ್ಯಾಪಾರದ ಹೆಸರಿನ ಜೊತೆಗೆ ವೈಜ್ಞಾನಿಕ ಹೆಸರು, ಸಂಖ್ಯೆ ಮತ್ತು ಸರಬರಾಜುದಾರರ ಬಿಲ್ಲಿನ ವಿವರವನ್ನು ಬರೆದಿಡುವುದು ಅತ್ಯವಶ್ಯ.

3. ನದಿಯ ಮೀನು, ಬೇರೆಯವರ ಆದಾಯ

ಮೇಲೆ ಹೇಳಿದ ಎಲ್ 46 ಎಂಬುದು ಕಪ್ಪು ಬಿಳುಪು ಪಟ್ಟೆಗಳ ಪುಟ್ಟ ಮೀನು. 1991ರಲ್ಲಿ ಇದಕ್ಕೆ ಹೈಪಾನ್ಸಿಸ್ಟ್ರಸ್ ಝೀಬ್ರಾ ಎಂದು ಹೆಸರಿಡಲಾಯಿತು. ಇದು ಸ್ವಾಭಾವಿಕವಾಗಿ ಇರುವುದು ಬ್ರೆಜಿಲ್ ದೇಶದ ಶಿಂಗು ನದಿಯ ಒಂದು ಭಾಗದಲ್ಲಿ ಮಾತ್ರ. ಬೇಡಿಕೆ ಏರಿದಂತೆ ಹಿಡಿಯುವುದೂ ಏರಿತು. 2004ರ ಸುಮಾರಿಗೆ ಬ್ರೆಜಿಲ್ ಇದರ ರಫ್ತನ್ನು ನಿಷೇಧಿಸಿತು; ಕಳ್ಳಸಾಗಣೆ ಮುಂದುವರಿಯಿತು. ಅದೇ ನದಿಗೆ ಕಟ್ಟಲಾದ ಬೆಲೊ ಮೊಂಟೆ ಜಲವಿದ್ಯುತ್ ಯೋಜನೆ 2016ರಲ್ಲಿ ಉತ್ಪಾದನೆ ಪ್ರಾರಂಭಿಸಿತು. 2017ರಲ್ಲಿ ಈ ಮೀನು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿತು. 2022ರಲ್ಲಿ ನಿಯಂತ್ರಣ ಇನ್ನಷ್ಟು ಬಿಗಿಯಾಯಿತು. ಇಷ್ಟರೊಳಗೆ ಯೂರೋಪಿನ ಹವ್ಯಾಸಿಗಳೂ ಇಂಡೋನೇಷ್ಯದ ಸಾಕಣೆದಾರರೂ ಇದನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದನ್ನು ಕರಗತ ಮಾಡಿಕೊಂಡಿದ್ದರು. ಹೀಗಾಗಿ ಇಂದು ನ್ಯಾಯಬದ್ಧವಾದ ವ್ಯಾಪಾರದ ಆದಾಯ ಅವರ ಪಾಲಾಗಿದೆ. ಮೀನಿನ ತವರಾದ ಶಿಂಗು ದಂಡೆಯ ಬೆಸ್ತರಿಗೆ ಅದರಲ್ಲಿ ಪಾಲಿಲ್ಲ.

ಇದು ದೂರದ ಕಥೆಯೆಂದು ಭಾವಿಸಬಾರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರೂ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದ ಸಿ. ಆರ್. ನಾರಾಯಣರಾವ್ ಅವರು 1920ರಲ್ಲಿ ತುಂಗಾ ನದಿಯ ಬೋಟಿಯ ಸ್ಟ್ರಯಾಟ ಎಂಬ ಪಟ್ಟೆ ಮೀನನ್ನು ಲೋಕಕ್ಕೆ ಪರಿಚಯಿಸಿದರು. ಇದು ಮೀಸೆ ಮೀನಿನ ಗಣದ್ದಲ್ಲದಿದ್ದರೂ ಅದರಂತೆಯೇ ಮೀಸೆಯಿರುವ ತಳದ ಮೀನು. ಅದೇ ಹವ್ಯಾಸಿಗಳು ಅದೇ ತೊಟ್ಟಿಯಲ್ಲಿ ಇದನ್ನೂ ಸಾಕುತ್ತಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2005ರಿಂದ 2012ರವರೆಗೆ ಭಾರತದಿಂದ ಅಪಾಯದ ಅಂಚಿನಲ್ಲಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ರಫ್ತಾದವು. ಅವುಗಳಲ್ಲಿ ಮುಖ್ಯವಾದ ಕೆಲವೇ ಜಾತಿಗಳ ಪೈಕಿ ನಮ್ಮ ತುಂಗೆಯ ಈ ಪಟ್ಟೆ ಮೀನೂ ಒಂದು. ಅದೇ ಸಾಲಿನಲ್ಲಿದ್ದ ಕೇರಳದ ಡೆನಿಸನ್ ಮೀನು 1997ರಲ್ಲಿ ಸಿಂಗಪುರದ ಪ್ರದರ್ಶನದಲ್ಲಿ ಬಹುಮಾನ ಪಡೆದು ಪ್ರಸಿದ್ಧವಾಯಿತು; ಕ್ರಮೇಣ ಹೊರದೇಶದ ಸಾಕಣೆ ಕೇಂದ್ರಗಳು ಅದನ್ನು ಮರಿ ಮಾಡಿಸಿ ಮಾರತೊಡಗಿದವು.

ನಿಜವಾದ ಮೀಸೆ ಮೀನುಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಕೇರಳ ಮತ್ತು ಕರ್ನಾಟಕದ ಪಶ್ಚಿಮಕ್ಕೆ ಹರಿಯುವ ನದಿಗಳ ಹಳದಿ ಮೀಸೆ ಮೀನು ವಿದೇಶದ ಅಂಗಡಿಗಳಲ್ಲಿ ಸೂರ್ಯನ ಹೆಸರಿನಿಂದ ಮಾರಾಟವಾಗುತ್ತದೆ; ಅದನ್ನು ಸಾಕಣೆಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ವಿಜ್ಞಾನಿಗಳು ರೂಪಿಸಿದ್ದಾರೆ. 1849ರಲ್ಲಿ ಜರ್ಡನ್ ವಿವರಿಸಿದ, ಕಾವೇರಿ ಜಲಾನಯನಕ್ಕೆ ಮಾತ್ರ ಸೀಮಿತವಾದ ಹೆಮಿಬಾಗ್ರಸ್ ಪಂಕ್ಟೇಟಸ್ ಎಂಬ ಚುಕ್ಕೆಯ ಮೀಸೆ ಮೀನು ತೀವ್ರ ಅಪಾಯದಲ್ಲಿದೆ. ಇಂತಹ ಮೀನನ್ನು ಹಿಡಿದು ಮಾರುವುದು ಬಂಡವಾಳವನ್ನೇ ಲಾಭವೆಂದು ಹಂಚಿದಂತೆ. ಮರಿ ಮಾಡಿಸಿ ಮಾರುವುದು ಮಾತ್ರ ಬಡ್ಡಿಯ ಮೇಲಿನ ಜೀವನ.

4. ಕಾನೂನಿನ ಚೌಕಟ್ಟು

ನದಿ, ಕೆರೆಗಳಿಂದ ಮೀನು ಹಿಡಿಯುವುದನ್ನು ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮ, 1996 ನಿಯಂತ್ರಿಸುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಮಾಡಲಾದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸೈಟಿಸ್ ಪಟ್ಟಿಯ ಜೀವಿಗಳಿಗೆ ಪ್ರತ್ಯೇಕ ಅನುಸೂಚಿಯನ್ನು ಸೇರಿಸಿದೆ. ಅಂತಹ ಜೀವಂತ ಪ್ರಾಣಿಯನ್ನು ಹೊಂದಿರುವುದು, ವರ್ಗಾಯಿಸುವುದು, ಅದು ಮರಿ ಮಾಡುವುದು ಎಲ್ಲವನ್ನೂ ನೋಂದಾಯಿಸಬೇಕು. ಇದಕ್ಕಾಗಿ 2024ರ ಫೆಬ್ರವರಿಯಲ್ಲಿ ನಿಯಮಗಳು ಪ್ರಕಟವಾಗಿವೆ. ಏಷ್ಯದ ಅರೋವಾನ ಮೀನನ್ನು ಮಾರುವ ಅಂಗಡಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಗದಪತ್ರವಿಲ್ಲದ ದುಬಾರಿ ಮೀನು ಆಸ್ತಿಯಲ್ಲ, ಹೊಣೆ.

5. ಸತ್ತ ಮೀನಿನ ಲೆಕ್ಕ

ಈಗ ನಮ್ಮ ಯುವಕನ ಮೂರನೆಯ ಪ್ರಶ್ನೆಗೆ ಬರೋಣ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ.

ಸಗಟು ವ್ಯಾಪಾರಿಯಿಂದ 1,000 ಕೋರಿಡೊರಾಸ್ ಮರಿಗಳನ್ನು ತಲಾ ರೂ. 20ರಂತೆ ಖರೀದಿಸಲಾಯಿತು ಎಂದು ಭಾವಿಸೋಣ.

ಖರೀದಿ ಬೆಲೆ: ರೂ. 20,000
ಪ್ಯಾಕಿಂಗ್ ಮತ್ತು ಸಾಗಣೆ: ರೂ. 3,000
ಮೂರು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟ ವೆಚ್ಚ (ಆಹಾರ, ಔಷಧಿ, ವಿದ್ಯುತ್): ರೂ. 5,000
ಒಟ್ಟು: ರೂ. 28,000

ದಾರಿಯಲ್ಲಿ 80, ತೊಟ್ಟಿಯಲ್ಲಿ 120 ಸತ್ತು 800 ಉಳಿದರೆ ಉಳಿದ ಒಂದು ಮೀನಿನ ಅಸಲು ರೂ. 35 ಆಗುತ್ತದೆ. "ಇಪ್ಪತ್ತಕ್ಕೆ ತಂದದ್ದು, ಮೂವತ್ತೆರಡಕ್ಕೆ ಕೊಟ್ಟರೂ ಲಾಭ" ಎಂದು ಮಾರಿದವನ ಕೈಗೆ ಬರುವುದು ರೂ. 25,600, ನಷ್ಟ ರೂ. 2,400. ರೂ. 50ಕ್ಕೆ ಮಾರಿದರೆ ಮಾತ್ರ ರೂ. 12,000 ಉಳಿಯುತ್ತದೆ. ಬಾಡಿಗೆ, ಬಡ್ಡಿ, ಮಾಲೀಕನ ದುಡಿಮೆ ಇವೆಲ್ಲವೂ ಅದರಲ್ಲಿಯೇ ತೀರಬೇಕು.

ಇಲ್ಲಿ ಸತ್ತ 200 ಮೀನು ಈ ವ್ಯಾಪಾರದಲ್ಲಿ ನಿರೀಕ್ಷಿತವಾದ ಸಾಮಾನ್ಯ ನಷ್ಟ. ಅದನ್ನು ಬದುಕಿದ ಮೀನುಗಳೇ ಹೊರಬೇಕು. ಆದರೆ ಮೂರು ವಾರಗಳ ನಂತರ ಒಂದು ರಾತ್ರಿ ವಿದ್ಯುತ್ ನಿಲುಗಡೆಯಾಗಿ, ಜನರೇಟರ್ ಕೈಕೊಟ್ಟು ಇನ್ನೂ 200 ಸತ್ತವೆನ್ನೋಣ. ಅದು ಅಸಾಮಾನ್ಯ ನಷ್ಟ. 200 ಮೀನಿಗೆ ತಲಾ ರೂ. 35ರಂತೆ ರೂ. 7,000ವನ್ನು ನೇರವಾಗಿ ಲಾಭ ನಷ್ಟದ ಖಾತೆಗೆ ಹಾಕಬೇಕು. ಉಳಿದ 600 ಮೀನುಗಳ ಬೆಲೆಗೆ ಸೇರಿಸಬಾರದು. ಸೇರಿಸಿದರೆ ಬೆಲೆ ಏರಿ ಗಿರಾಕಿ ಹೋಗುತ್ತಾನೆ. ಜನರೇಟರ್ ದುರಸ್ತಿ ಮಾಡಿಸಬೇಕೆಂಬ ಎಚ್ಚರವೂ ಮೂಡುವುದಿಲ್ಲ. ಪ್ರತಿ ತೊಟ್ಟಿಗೂ ಒಂದು ಹಾಳೆ, ಪ್ರತಿದಿನ ಸತ್ತವುಗಳ ಎಣಿಕೆ: ಒಳ್ಳೆಯ ಹವ್ಯಾಸಿಗಳು ಲಾಭದ ಆಸೆಯಿಲ್ಲದೆ ಇಷ್ಟನ್ನು ಮಾಡುತ್ತಾರೆ. ಲಾಭಕ್ಕಾಗಿ ಮಾಡುವವರು ಇದನ್ನು ಬಿಡುವುದು ವಿಚಿತ್ರ.

6. ಜಿ.ಎಸ್.ಟಿ. ಕುರಿತು ಎರಡು ಮಾತು

ಜೀವಂತ ಮೀನಿನ ಮಾರಾಟ ಜಿ.ಎಸ್.ಟಿ.ಯಿಂದ ವಿನಾಯಿತಿ ಪಡೆದಿದೆ. ವಿನಾಯಿತಿ ಎಂದೊಡನೆ ಸಂತೋಷಪಡುವವರು ಎರಡು ವಿಷಯಗಳನ್ನು ಮರೆಯಬಾರದು. ಒಂದು, ಆ ಮಾರಾಟಕ್ಕಾಗಿ ಖರೀದಿಸಿದ ಪಂಪು, ಫಿಲ್ಟರ್, ಗಾಜುಗಳ ಮೇಲೆ ತೆತ್ತ ತೆರಿಗೆ ಹಿಂದಿರುಗದೆ ವೆಚ್ಚವೇ ಆಗುತ್ತದೆ. ನೋಂದಾಯಿತ ರಫ್ತುದಾರನಿಗೆ ಮಾತ್ರ, ರಫ್ತು ಶೂನ್ಯ ದರದ ಪೂರೈಕೆಯಾದ್ದರಿಂದ, ಈ ಹೂಡುವಳಿ ತೆರಿಗೆಯ ಸೌಲಭ್ಯವಿದೆ. ಎರಡು, ಕೇವಲ ಮೀನು ಮಾರುವವನಿಗೆ ನೋಂದಣಿ ಬೇಡ. ಆದರೆ ಅದೇ ಅಂಗಡಿಯಲ್ಲಿ ತೊಟ್ಟಿ, ಪಂಪುಗಳನ್ನೂ ಮಾರಿದರೆ ಒಟ್ಟು ವಹಿವಾಟಿನ ಲೆಕ್ಕಕ್ಕೆ ಮೀನಿನ ಮಾರಾಟವೂ ಸೇರುತ್ತದೆ. ಮೀನು ರೂ. 30 ಲಕ್ಷ, ಉಪಕರಣ ರೂ. 12 ಲಕ್ಷ ಎಂದಾದರೆ ಒಟ್ಟು ರೂ. 42 ಲಕ್ಷ, ಸರಕು ವ್ಯಾಪಾರಿಗಳಿಗೆ ನಿಗದಿಯಾದ ರೂ. 40 ಲಕ್ಷದ ಮಿತಿ ದಾಟಿದಂತಾಯಿತು.

2020ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ ರೂ. 3 ಲಕ್ಷ, ಮಧ್ಯಮ ಘಟಕಕ್ಕೆ ರೂ. 8 ಲಕ್ಷ ಘಟಕ ವೆಚ್ಚವನ್ನು ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇಕಡ 40, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಶೇಕಡ 60 ಸಹಾಯಧನ ಗೊತ್ತುಮಾಡಲಾಗಿತ್ತು. ಇಂತಹ ನೆರವಿನ ಸದ್ಯದ ಸ್ಥಿತಿಯನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬಹುದು. ಸಹಾಯಧನ ತೊಟ್ಟಿಯನ್ನು ಕಟ್ಟಿಸುತ್ತದೆ, ಗಿರಾಕಿಯನ್ನು ತರುವುದಿಲ್ಲ.

7. ಮೀನಿಲ್ಲದ ಮೀನು ವ್ಯಾಪಾರ

ಸಣ್ಣ ಕೈಗಾರಿಕೆಯ ಸದಸ್ಯರು ಗಮನಿಸಬೇಕಾದ ಭಾಗವಿದು. ಮೀಸೆ ಮೀನುಗಳ ಪೈಕಿ ಅನೇಕವು ಗುಹೆಯಲ್ಲಿ ಮೊಟ್ಟೆಯಿಡುತ್ತವೆ. ಆಂಸಿಸ್ಟ್ರಸ್ ಜಾತಿಯ ಗಂಡು ಮೀನು ಕಿರಿದಾದ ಕೊಳವೆಯೊಳಗೆ ಕುಳಿತು ಮೊಟ್ಟೆಗಳನ್ನು ಕಾಯುತ್ತದೆ. ಇದಕ್ಕಾಗಿ ಒಂದು ತುದಿ ಮುಚ್ಚಿದ ಮಣ್ಣಿನ ಕೊಳವೆಗಳು ಜಗತ್ತಿನಾದ್ಯಂತ ಮಾರಾಟವಾಗುತ್ತವೆ. ನಮ್ಮ ಕುಂಬಾರರಿಗೆ ಇದು ಕಷ್ಟದ ಕೆಲಸವಲ್ಲ. ಬೇಕಾದದ್ದು ಮೀನಿನ ಗಾತ್ರಕ್ಕೆ ಹೊಂದುವ ನಿಖರವಾದ ಅಳತೆ ಮಾತ್ರ. ತೆಂಗಿನ ಚಿಪ್ಪನ್ನೂ ಹವ್ಯಾಸಿಗಳು ಗುಹೆಯಾಗಿ ಬಳಸುತ್ತಾರೆ. ಚನ್ನರಾಯಪಟ್ಟಣದ ಕಡೆಯವರಿಗೆ ಚಿಪ್ಪಿನ ಅಭಾವವೆಲ್ಲಿ? ಕಾಡುಬಾದಾಮಿಯ ಒಣಗಿದ ಎಲೆಗಳನ್ನು ನೀರಿಗೆ ಹಾಕಿದರೆ ಒಗರಿನ ಅಂಶ ಬಿಟ್ಟು ಕಾಡಿನ ಹೊಳೆಯ ನೀರಿನಂತೆ ಕಂದು ಬಣ್ಣ ಬರುತ್ತದೆಂದು ಹೊರದೇಶದವರು ಹಣ ಕೊಟ್ಟು ಕೊಳ್ಳುತ್ತಾರೆ. ನಮ್ಮಲ್ಲಿ ಅದು ರಸ್ತೆ ಬದಿಯ ಕಸ. ಇವು ಸಾಯುವ ಸರಕಲ್ಲವೆಂಬುದೇ ದೊಡ್ಡ ಅನುಕೂಲ.

8. ಹೊಳೆಗೆ ಬಿಡುವುದು ಪುಣ್ಯವಲ್ಲ

ಕೊನೆಯದಾಗಿ, ಬಹು ಮುಖ್ಯವಾದ ಎಚ್ಚರಿಕೆ. ತೊಟ್ಟಿಯ ಪಾಚಿ ತಿನ್ನುತ್ತದೆಂದು ಅಂಗಡಿಯವರು ಮಾರುವ ಸಕ್ಕರ್ ಮೀನು ಚಿಕ್ಕದಿದ್ದಾಗ ಬೆರಳುದ್ದ, ಬೆಳೆದಾಗ ಮೊಳದುದ್ದ. ಸಾಕಲಾಗದೆ ಜನ ಅದನ್ನು ಕೆರೆಗೋ ಹೊಳೆಗೋ ಬಿಡುತ್ತಾರೆ. ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳಗಳ ನೀರಿನಲ್ಲಿ ಅದು ಈಗಾಗಲೇ ನೆಲೆಸಿದೆ. 2020ರಲ್ಲಿ ವಾರಾಣಸಿಯ ಗಂಗೆಯಲ್ಲಿಯೂ ಕಂಡುಬಂದಿತು. ದಂಡೆಯಲ್ಲಿ ಬಿಲ ತೋಡುವ, ಮುಳ್ಳಿನಂತಹ ಮೈಯಿಂದ ಬಲೆ ಹರಿಯುವ ಈ ಮೀನಿಗೆ ಸಂತೆಯಲ್ಲಿ ಬೆಲೆಯಿಲ್ಲ. ಆಹಾರಕ್ಕಾಗಿ ತರಲಾದ ಆಫ್ರಿಕದ ಮುರುಗೋಡನ್ನು ಕೇಂದ್ರ ಸರ್ಕಾರವು ನಿಷೇಧಿಸಿದ್ದರೂ ಅದು ಕಾವೇರಿಯನ್ನೂ ಸೇರಿದೆ. ರಾಮನಾಥಪುರದ ಮೇಲ್ಭಾಗದಲ್ಲಿ ಯಾರೋ ಒಬ್ಬರು ಬಿಟ್ಟ ಮೀನು ವಹ್ನಿ ಪುಷ್ಕರಿಣಿಯನ್ನು ತಲುಪಲು ಒಂದು ಮಳೆಗಾಲ ಸಾಕು.

ಜವಾಬ್ದಾರಿಯುತ ಹವ್ಯಾಸಿಗಳು ಬೇಡವಾದ ಮೀನನ್ನು ಇನ್ನೊಬ್ಬ ಹವ್ಯಾಸಿಗೆ ಕೊಡುತ್ತಾರೆ ಅಥವಾ ಅಂಗಡಿಗೆ ಹಿಂದಿರುಗಿಸುತ್ತಾರೆ. ಮಾರಿದ ಮೀನನ್ನು ಹಿಂದಕ್ಕೆ ಪಡೆಯುವೆವೆಂದು ಬಿಲ್ಲಿನ ಹಿಂಬದಿಯಲ್ಲಿ ಒಂದು ಸಾಲು ಮುದ್ರಿಸುವುದು ನಮ್ಮ ವರ್ತಕರಿಗೆ ಭಾರವಾಗಲಾರದು.

ನನ್ನ ಕಛೇರಿಗೆ ಬಂದ ಯುವಕನು ಸಾಲದ ಅರ್ಜಿಯನ್ನು ಆರು ತಿಂಗಳು ಮುಂದೂಡಿದನು. ಹತ್ತು ತೊಟ್ಟಿಗಳಲ್ಲಿ ಎರಡೇ ಜಾತಿಯ ಮೀಸೆ ಮೀನುಗಳನ್ನಿಟ್ಟು, ಪ್ರತಿ ತೊಟ್ಟಿಗೆ ಒಂದು ಹಾಳೆ ತೂಗುಹಾಕಿದನು. ಮೊನ್ನೆ ಆ ಹಾಳೆಗಳನ್ನು ತಂದು ತೋರಿಸಿದನು. ಮೊದಲ ತಂಡದಲ್ಲಿ ಸತ್ತವು ಆತನು ಎಣಿಸಿದ್ದಕ್ಕಿಂತ ಹೆಚ್ಚು; ಎರಡನೆಯದರಲ್ಲಿ ಕಡಿಮೆ. ಮಾರುಕಟ್ಟೆ ಎಂಬ ಶೀರ್ಷಿಕೆಯ ಕೆಳಗೆ ಈಗ ಮೂವರು ಖರೀದಿದಾರರ ವಿವರ ಮತ್ತು ಅವರು ಕೇಳಿದ ಜಾತಿಗಳಿವೆ. ಈ ವರದಿಗೆ ಸಹಿ ಹಾಕಲು ನನಗೆ ಸಂಕೋಚವಿಲ್ಲ.

ಅಭ್ಯಾಸಕ್ಕಾಗಿ:
(1) ತಮ್ಮ ವ್ಯಾಪಾರದಲ್ಲಿ ಸಾಮಾನ್ಯ ನಷ್ಟ ಯಾವುದು, ಅಸಾಮಾನ್ಯ ನಷ್ಟ ಯಾವುದು? ಎರಡನ್ನೂ ಪ್ರತ್ಯೇಕವಾಗಿ ಬರೆಯುತ್ತಿದ್ದೀರಾ?
(2) ತಮ್ಮ ಸರಕಿನ ಮೂಲವನ್ನು ಗಿರಾಕಿ ಕೇಳಿದರೆ ತೋರಿಸಲು ಯಾವ ದಾಖಲೆಯಿದೆ?
(3) ತಮ್ಮ ಊರಿನ ಯಾವ ವಸ್ತುವಿನಿಂದ ಬೇರೆ ಊರಿನವರು ಆದಾಯ ಪಡೆಯುತ್ತಿದ್ದಾರೆ? ಕಾರಣವೇನು?